ಪೌಡರ್ ಹಚ್ಚಿಸಿಕೊಂಡ ಟ್ರ್ಯಾಕ್ಟರ್

ಮೊನ್ನೆ ಹೆಬ್ಬಾಳದ ಮೇಲ್ಸೇತುವೆ ಇಳಿಯುವ ಕಡೆ ನಾನು ಕೂತಿದ್ದ ಆಟೋ, ನೀರಿನ ಟ್ಯಾಂಕರ್ ಎಳೆಯುತ್ತಿದ್ದ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿಕೊಂಡು ನಿಂತಿತು. ಮಳೆ ಆಗಷ್ಟೇ ಬಿಟ್ಟಿತ್ತು. ಕಾದ ಕಬ್ಬಿಣದ ಮೇಲೆ ಎಣ್ಣೆ ತೊಟ್ಟಿಕ್ಕಿ ಹೊಗೆಯಾಗುವ ವಾಸನೆ ಒದ್ದೆ ಗಾಳಿಯಲ್ಲಿ ತೇಲಿ ಬಂತು. ಆಟೋದವನು ಮೂಗಿಗೆ ಕರ್ಚೀಫು ಹಿಡಿದು, "ಏನ್ ಗುರು ಇವ್ನು, ಊರಿಗೆಲ್ಲಾ ಹೊಗೆ ಹಾಕ್ತಾವ್ನೆ" ಎಂದು ಗೊಣಗಿದ. ನಾನು ಮಾತ್ರ ತಲೆ ಹೊರಗೆ ಚಾಚಿ ಆ ಗಾಳಿಯನ್ನು ಎದೆ ತುಂಬ ಎಳೆದುಕೊಂಡೆ. ಸಿಗ್ನಲ್ ಬಿಟ್ಟು ಗಾಡಿಗಳು ಹರಿದುಹೋದ ಮೇಲೂ ನಾನು ಅಲ್ಲಿರಲಿಲ್ಲ. ಯಲಹಂಕದ ಅಕ್ಕನ ಮನೆಯ ಕೊಟ್ಟಿಗೆಯ ಪಕ್ಕ, ತಗಡಿನ ಮಾಡಿನ ಕೆಳಗೆ, ಬೂಸದ ಮೂಟೆಯ ಮೇಲೆ ಕೂತಿದ್ದೆ. ಮಾಡಿನ ಮೇಲೆ ಮಳೆ ಬೀಳುತ್ತಿತ್ತು. ಎದುರಿಗೆ ಆ ನೀಲಿ ಟ್ರ್ಯಾಕ್ಟರು.

ಅದು ನಾನು ಮಾತಾಡದೇ ಇದ್ದ ಮಳೆಗಾಲ. ಯಶವಂತಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಕಿಕ್ಕಿರಿದ ತರಗತಿ, ಪಕ್ಕದಲ್ಲೇ ರಸ್ತೆ. ವರ್ಷಗಟ್ಟಲೆ ಬಸ್ಸಿನ ಹಾರನ್ನಿನ ಮೇಲೆ ದನಿ ಏರಿಸಿ ಪಾಠ ಮಾಡಿ ಕೊನೆಗೊಂದು ದಿನ ಹಾಜರಿ ಕೂಗುವಾಗ ಗಂಟಲಿನಿಂದ ಬರೀ ಗಾಳಿ ಹೊರಟಿತು. ದನಿತಂತುಗಳ ಮೇಲೆ ಗಂಟು ಎದ್ದಿದೆ ಎಂದರು, ತೆಗೆದರು. "ನಾನು ಹೇಳೋ ತನಕ ಒಂದಕ್ಷರವೂ ಬೇಡ. ಪಿಸುಗುಡೋದಂತೂ ಬೇಡವೇ ಬೇಡ" ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಆರ್.ಟಿ. ನಗರದ ನಮ್ಮ ಮನೆಯಲ್ಲಿ ಅದು ಸಾಧ್ಯವಿರಲಿಲ್ಲ. ಬಾಗಿಲು ತಟ್ಟುವವರು, ಫೋನು, ಹೋಂವರ್ಕು. ಅಕ್ಕ ರತ್ನ ಬಂದು ನನ್ನ ಬಟ್ಟೆಗಳನ್ನು ತಾನೇ ಚೀಲಕ್ಕೆ ತುಂಬಿ, "ನಮ್ಮನೇಲಿ ಹಸ ಅವೆ, ಅವು ಏನೂ ಕೇಳಲ್ಲ. ನಡಿ" ಎಂದು ಹೊರಡಿಸಿದಳು.

ಅಕ್ಕನ ಊರು ಯಲಹಂಕಕ್ಕೆ ಅಂಟಿಕೊಂಡ ಹಳೆಯ ಹಳ್ಳಿ. ಊರಿನ ಮೂರು ಕಡೆಯೂ ಅಪಾರ್ಟ್‌ಮೆಂಟುಗಳು ಎದ್ದು, ನಡುವೆ ಇವರ ಹೊಲವೊಂದು ಉಳಿದುಕೊಂಡಿತ್ತು. ಆಷಾಢದ ಗಾಳಿಗೆ ಹೊಲದ ಅಂಚಿನ ಹುಲ್ಲು ಮಲಗಿ ಏಳುತ್ತಿತ್ತು. ಮೋಡದೊಳಗಿಂದ ವಾಯುಪಡೆಯ ತರಬೇತಿ ವಿಮಾನ ಗುಂಯ್‌ಗುಡುತ್ತ ಕಾಣಿಸಿ ಮತ್ತೆ ಮೋಡಕ್ಕೆ ಹೋಗುತ್ತಿತ್ತು. ನಾನು ಹೋದಾಗ ಭಾವ ಮುನಿರಾಜು ಪಡಸಾಲೆಯ ಮಂಚದ ಮೇಲೆ ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು.

"ಟೀಚರಮ್ಮ ಬಂದ್ರಾ? ಬನ್ನಿ ಬನ್ನಿ. ನಿಮ್ಗೆ ಬಾಯಿಲ್ಲ, ನನ್ಗೆ ಕಾಲಿಲ್ಲ. ನಿಮ್ಮಕ್ಕನಿಗೆ ಎಲ್ಡೂ ಐತೆ, ಅದ್ಕೇ ಇಂಗಾಡ್ತಾವ್ಳೆ."

ಅಕ್ಕ ಹಾಗೆ ಆಡುತ್ತಿದ್ದುದಕ್ಕೆ ಕಾರಣವಿತ್ತು. ಬೇಸಿಗೆ ಕಳೆದು ಮೊದಲ ಸಲ ಹೊರತೆಗೆದ ದಿನ ಭಾವ ಟ್ರ್ಯಾಕ್ಟರಿನಿಂದ ಇಳಿಯುವಾಗ ಕಾಲಿಡುವ ಹಲಗೆಯ ಮೇಲೆ ಎಣ್ಣೆ ಹರಿದಿತ್ತು. ಕಾಲು ಜಾರಿ ಕಲ್ಲಿನ ಮೇಲೆ ಬಿದ್ದು ಮೂಳೆ ಮುರಿದಿತ್ತು. ಅಂದಿನಿಂದ ಟ್ರ್ಯಾಕ್ಟರಿನ ಕೀ ಅಕ್ಕನ ಸೆರಗಿನ ಗಂಟಿನಲ್ಲಿತ್ತು.

"ಎಲ್ಲಿಂದ ಸೋರ್ತದೆ ಅಂತ ಗೊತ್ತಾಗೋ ಗಂಟ ಅದು ಶೆಡ್ಡಿಂದ ಈಚೆ ಬರಲ್ಲ. ಇವತ್ತು ಕಾಲು, ನಾಳೆ ಕತ್ತು" ಎನ್ನುತ್ತಿದ್ದಳು.

"ಅದು ಹಳೇ ಗಾಡಿ ಕಣೇ. ನಮ್ಮಪ್ಪ ತಂದಾಗ್ಲಿಂದ ಸೋರ್ತಾನೇ ಐತೆ."

"ನಿಮ್ಮಪ್ಪ ಜಾರಿ ಬೀಳ್ಲಿಲ್ವಲ್ಲ."

ಭಾವ ಗೋಡೆ ಕಡೆ ತಿರುಗಲು ನೋಡಿದರು, ಪ್ಲಾಸ್ಟರ್ ಬಿಡಲಿಲ್ಲ. ರಾಗಿ ಬಿತ್ತುವ ಹದ ಬರುತ್ತಿತ್ತು. ಸುತ್ತಲಿನ ಬಾಡಿಗೆ ಟ್ರ್ಯಾಕ್ಟರುಗಳೆಲ್ಲ ಮಣ್ಣು ಹೊಡೆಯುವುದಕ್ಕೆ, ನೀರು ಎಳೆಯುವುದಕ್ಕೆ ಹೋಗಿಬಿಟ್ಟಿದ್ದವು. ಆ ಚೂರು ಹೊಲ ಉಳಲು ಯಾರೂ ಬರುತ್ತಿರಲಿಲ್ಲ. ರಾಗಿ ಇಲ್ಲದಿದ್ದರೆ ಹಸುಗಳಿಗೆ ವರ್ಷದ ಹುಲ್ಲಿಲ್ಲ. ಹುಲ್ಲಿಲ್ಲದಿದ್ದರೆ ಹಸುಗಳನ್ನು ಕೊಟ್ಟುಬಿಡಬೇಕಾಗುತ್ತಿತ್ತು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೀಗೆ ನಾವು ಮೂವರೂ ಸೇರಿ ಆ ಟ್ರ್ಯಾಕ್ಟರಿನ ಹಿಂದೆ ಬಿದ್ದೆವು. ಮೊದಲು ತೊಳೆಯುವ ಕೆಲಸ. ಎಣ್ಣೆ ಮತ್ತು ಧೂಳು ಕಲೆತು ಎಂಜಿನ್ನಿನ ಮೈಮೇಲೆ ಕರಿ ಹೆಪ್ಪಾಗಿ ಕೂತಿತ್ತು. ಅಕ್ಕ ಡೀಸೆಲಿನಲ್ಲಿ ಬ್ರಷ್ಷು ಅದ್ದಿ ಉಜ್ಜುವಳು, ನಾನು ತೆಂಗಿನ ನಾರಿನಿಂದ ತಿಕ್ಕಿ ಸೋಪಿನ ನೀರು ಸುರಿಯುವೆ. ಒಂದೊಂದು ಪದರ ಎದ್ದಾಗಲೂ ಒಳಗಿಂದ ಒಂದೊಂದು ಆಯುಧಪೂಜೆ ಕಾಣಿಸುತ್ತಿತ್ತು: ಮಾಸಿದ ಕುಂಕುಮ, ಅಂಟಿಕೊಂಡ ಸೇವಂತಿಗೆ ಎಸಳು. ಎಲ್ಲದರ ಕೆಳಗೆ ನೀಲಿ ಬಣ್ಣ. ಇಷ್ಟು ವರ್ಷ ಅದನ್ನು ಬೂದುಬಣ್ಣದ್ದೆಂದೇ ತಿಳಿದಿದ್ದೆ. ಮಳೆ ಬರುವುದು, ನಿಲ್ಲುವುದು, ಹಸುಗಳು ಮೆಲುಕು ಹಾಕುವುದು. ಮಾತಿಲ್ಲದ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ತಲೆಯಾಡಿಸಿದರೆ ಮುಗಿಯಿತು. ಅಷ್ಟು ಹಗುರವಾಗಿ ನಾನು ಅದಕ್ಕೆ ಮೊದಲು ಬದುಕಿರಲಿಲ್ಲ.

ತೊಳೆದ ಮೇಲೆ, ಯಾರೋ ಬಿಸಾಕಿದ ಫ್ರಿಜ್ಜಿನ ರಟ್ಟಿನ ಡಬ್ಬ ಬಿಚ್ಚಿ ಟ್ರ್ಯಾಕ್ಟರಿನ ಕೆಳಗೆ ಹಾಸಿದೆವು. ಬೆಳಿಗ್ಗೆ ಅದನ್ನು ಎಳೆದು ನೋಡಿದರೆ ಮೇಲೆಲ್ಲ ಕಲೆ. ನಾನು ಆ ರಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮಂಚದ ಬಳಿ ಒಯ್ದೆ. ಭಾವ ಕನ್ನಡಕ ಹಾಕಿಕೊಂಡು ಒಂದೊಂದು ಕಲೆಯ ಮೇಲೂ ಬೆರಳಿಟ್ಟು ಮೂಸಿದರು.

"ಇದು ಕರ್ರಗೈತೆ, ಸೀದೋದ ವಾಸ್ನೆ. ಎಂಜಿನ್ ಆಯಿಲ್ಲು. ಇದು ನೋಡಿ ಟೀಚರಮ್ಮ, ಜೇನಿನ್ ಬಣ್ಣ, ಬೆಳ್ಳುಳ್ಳಿ ಕೊಳ್ತಂಗೆ ನಾತ. ಇದು ಗೇರ್ ಆಯಿಲ್ಲು. ಇದು ಎಲ್ಲಿ ಬಿದ್ದಿತ್ತು, ಹಿಂದಿನ್ ಚಕ್ರದ ತಾವಾ?"

ತಲೆಯಾಡಿಸಿದೆ.

"ಮಧ್ಯದ್ದು?"

ಎರಡು ಮುಷ್ಟಿಗಳನ್ನು ಒಂದಕ್ಕೊಂದು ತಾಗಿಸಿ ತೋರಿಸಿದೆ. ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಜಾಗ. ಭಾವನ ಮುಖ ಸ್ವಲ್ಪ ಇಳಿಯಿತು. "ಅದು ಕೆಟ್ಟ ಜಾಗ" ಎಂದರು.

ತಣಿಸಂದ್ರದಿಂದ ಮೆಕ್ಯಾನಿಕ್ ಇಮ್ತಿಯಾಜ್ ಭಾಯಿ ಬಂದರು. ಭಾವನ ಹಳೆಯ ಸ್ನೇಹಿತರು, ಬಿಳಿ ಗಡ್ಡ, ಬೆರಳ ಸಂದಿಯಲ್ಲಿ ಎಂದೂ ಹೋಗದ ಕಪ್ಪು. ಕಾಲಿಡುವ ಹಲಗೆಯ ಎಣ್ಣೆ ಎಲ್ಲಿಯದೆಂದು ಅವರಿಗೂ ತಕ್ಷಣ ಹೇಳಲಾಗಲಿಲ್ಲ. "ಬಿದ್ದ ಜಾಗ ಬೇರೆ, ಹೊರಟ ಜಾಗ ಬೇರೆ ಅಕ್ಕಾ. ಫ್ಯಾನಿನ ಗಾಳಿ ಎಣ್ಣೇನ ಹಿಂದಕ್ಕೆ ಹೊಡೀತದೆ. ಮನೇಲಿ ಪೌಡರ್ ಐತಾ? ಮುಖಕ್ಕೆ ಹಾಕ್ಕೊಳ್ಳೋದು?"

ಅಕ್ಕ ಒಳಗೆ ಹೋಗಿ, ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಮಲ್ಲಿಗೆ ವಾಸನೆಯ ಪೌಡರ್ ಡಬ್ಬ ತಂದಳು. ಒರೆಸಿ ಒಣಗಿಸಿದ ಎಂಜಿನ್ನಿನ ಮೇಲೆ, ಪೈಪುಗಳ ಮೇಲೆ, ಗೇರ್ ಬಾಕ್ಸಿನ ಬೆನ್ನ ಮೇಲೆ ತಾನೇ ಉದುರಿಸಿದಳು. ನೀಲಿಯ ಮೇಲೆ ಬಿಳಿ ಕೂತು ಟ್ರ್ಯಾಕ್ಟರು ಹಸೆಮಣೆಗೆ ಹೊರಟ ಹಾಗಾಯಿತು. ಮಂಚದಿಂದ ಭಾವ ಕೂಗಿದರು: "ನಮ್ ಮದ್ವೆ ದಿನ ನಿನ್ಗೂ ಇಷ್ಟು ಹಾಕಿರ್ಲಿಲ್ಲ ಕಣೇ!" ಅಕ್ಕ ನಕ್ಕದ್ದು ಅವತ್ತೇ ಮೊದಲು.

ಕೀ ತಿರುಗಿಸಿ ಎಂಜಿನ್ ಚಾಲೂ ಮಾಡಿ ಇಮ್ತಿಯಾಜ್ ಭಾಯಿ, ಅಕ್ಕ, ನಾನು ಮೂವರೂ ಬಗ್ಗಿ ನಿಂತೆವು. ತಗಡಿನ ಮಾಡು ನಡುಗುತ್ತಿತ್ತು, ಗಾಳಿಯಲ್ಲಿ ಮಲ್ಲಿಗೆ ಮತ್ತು ಡೀಸೆಲ್. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎಂಜಿನ್ನಿನ ನೆತ್ತಿಯ ಮುಚ್ಚಳದ ಅಂಚಿನಲ್ಲಿ ಬಿಳಿಯ ಮೇಲೊಂದು ಸಣ್ಣ ಕಪ್ಪು ಚುಕ್ಕೆ ಮೂಡಿ, ದಪ್ಪವಾಗಿ, ನಿಧಾನವಾಗಿ ಹಿಂದಕ್ಕೆ ಗೆರೆ ಎಳೆಯುತ್ತ ಹಲಗೆಯ ಕಡೆ ಹೊರಟಿತು. ಅಕ್ಕ ಆ ಗೆರೆಯನ್ನೇ ನೋಡುತ್ತ, "ಇದೇನಾ? ಇಷ್ಟು ದೂರದಿಂದ ಬಂದಿದ್ದಾ?" ಎಂದಳು.

ಇಮ್ತಿಯಾಜ್ ಭಾಯಿ ಮುಚ್ಚಳ ಬಿಚ್ಚಿ, ಸೆಟೆದುಹೋಗಿದ್ದ ಪ್ಯಾಕಿಂಗ್ ಕಿತ್ತು ಹೊಸದು ಕೂರಿಸಿದರು. ನಾವು ಗೆದ್ದೆವೆಂದುಕೊಂಡೆವು. ಆದರೆ ಮರುದಿನವೇ ಮತ್ತೆ ಅಲ್ಲೇ ಎಣ್ಣೆ. ಅವರು ಬಂದು ಪೌಡರಿನ ಮೇಲಿನ ಹೊಸ ಗೆರೆಗಳನ್ನು ನೋಡಿ ಗಡ್ಡ ಸವರಿಕೊಂಡರು. ಈಗ ಒಂದಲ್ಲ, ಎಲ್ಲ ಸಂದಿಗಳಿಂದಲೂ ಜಿನುಗುತ್ತಿತ್ತು. ಮಂಚದ ಪಕ್ಕ ಕೂತು ಮೆಲ್ಲಗೆ ಹೇಳಿದರು: "ಮುನಿಯಣ್ಣ, ಒಳಗಿಂದ ಪ್ರೆಶರ್ ತಳ್ತಾ ಐತೆ. ಪಿಸ್ಟನ್ ರಿಂಗ್ ಸವೆದಿರ್ಬೇಕು. ಎಂಜಿನ್ ಪೂರಾ ಇಳಿಸ್ಬೇಕಾಗ್ತದೆ. ಈ ಸಲದ ಬಿತ್ತನೆಗೆ ಆಗಲ್ಲ."

ಅಕ್ಕ ಹಾಲು ಕರೆಯಲು ಹೋದಳು. ಭಾವ ಹೊರಗಿನ ಮಳೆಯನ್ನು ನೋಡುತ್ತ ಮಲಗಿದರು. ಆ ಸಂಜೆ ಆ ಮನೆಯಲ್ಲಿ ಮೂವರೂ ಮೂಕರೇ.

ಮಾರನೆಯ ದಿನ ಮಳೆ ಹೊಳವಾಗಿತ್ತು. ನಾನು ಎಂದಿನಂತೆ ಬೂಸದ ಮೂಟೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದೆ. ಒಂದು ಕುಂಬಾರ ಹುಳು, ಸಣ್ಣ ನಡುವಿನದು, ಬಾಯಲ್ಲಿ ಹಸಿಮಣ್ಣಿನ ಉಂಡೆ ಕಚ್ಚಿಕೊಂಡು ಬಂದು ಟ್ರ್ಯಾಕ್ಟರಿನ ಕೆಳಗೆ ಮಾಯವಾಯಿತು. ಮತ್ತೆ ಬರಿಗೈಲಿ ಹೊರಟಿತು. ಮತ್ತೆ ಉಂಡೆ ತಂದಿತು. ಎಷ್ಟು ಹೊತ್ತು ಹಾಗೆ ನೋಡಿದೆನೋ. ಕೊನೆಗೆ ಇದು ಹೋಗುವುದಾದರೂ ಎಲ್ಲಿಗೆಂದು ಬಗ್ಗಿದರೆ, ಎಂಜಿನ್ನಿನ ಪಕ್ಕದಿಂದ ಕೆಳಮುಖವಾಗಿ ಇಳಿದಿದ್ದ ಒಂದು ಕೊಳವೆಯ ಬಾಯೊಳಗೆ ನುಸುಳುತ್ತಿತ್ತು. ಬೆರಳು ಹಾಕಿದೆ. ಒಳಗೆ ಗಟ್ಟಿ ಮಣ್ಣು.

ಅಕ್ಕನ ಕೈಯಲ್ಲಿದ್ದ ಕಸಬರಿಕೆ ಕಿತ್ತುಕೊಂಡು ಅವಳನ್ನು ಎಳೆದು ತಂದೆ. ಅವಳು ನೋಡಿ ಮಂಚದತ್ತ ಕೂಗಿದಳು: "ಏನ್ರೀ, ಪಕ್ಕದಾಗೊಂದು ಪೈಪ್ ಕೆಳಿಕ್ಕೆ ಬಂದೈತಲ್ಲ, ಅದ್ಯಾತುಕ್ಕೆ? ಅದ್ರೊಳ್ಗೆ ಹುಳ ಮನೆ ಕಟ್ಟೈತೆ!"

ಪಡಸಾಲೆಯಲ್ಲಿ ಮಂಚ ಕಿರುಗುಟ್ಟಿತು. "ಇಮ್ತಿಯಾಜ್‌ಗೆ ಫೋನ್ ಹಾಕು! ಅದು ಎಂಜಿನ್ ಉಸ್ರು ಬಿಡೋ ಪೈಪು ಕಣೇ!"

ಇಮ್ತಿಯಾಜ್ ಭಾಯಿ ತಂತಿಯ ತುದಿ ಬಗ್ಗಿಸಿ ಆ ಕೊಳವೆಯಿಂದ ಮಣ್ಣನ್ನು ಕೆರೆದು ಕೆರೆದು ತೆಗೆದರು. ಬೇಸಿಗೆಯೆಲ್ಲ ಕೆಲಸವಿಲ್ಲದೆ ನಿಂತೇ ಇದ್ದ ಗಾಡಿಯಲ್ಲಿ ಹುಳು ಗೂಡಿನ ಮೇಲೆ ಗೂಡು ಕಟ್ಟಿತ್ತು. ಒಣ ಮಣ್ಣಿನ ಹೆಂಟೆಗಳ ಜೊತೆ ಪುಟ್ಟ ಪುಟ್ಟ ಹಸಿರು ಜೇಡಗಳು ನನ್ನ ಅಂಗೈ ಮೇಲೆ ಬಿದ್ದವು. ಮರಿಗಳಿಗೆಂದು ತಾಯಿ ಕೂಡಿಟ್ಟ ಬುತ್ತಿ. ಒಳಗಿನ ಹಬೆಗೆ ಹೊರಬರಲು ದಾರಿಯಿಲ್ಲದೆ ಅದು ಸಂದಿಗೊಂದಿಗಳಿಂದ ಎಣ್ಣೆಯನ್ನು ತಳ್ಳುತ್ತಿತ್ತು, ಅಷ್ಟೆ. ಎಂಜಿನ್ ಚಾಲೂ ಮಾಡಿದಾಗ ಕೊಳವೆಯ ಬಾಯಿಂದ ಫುಸ್ ಫುಸ್ ಎಂದು ಬಿಳಿ ಹಬೆ ಬಂತು. ಎಷ್ಟು ಹೊತ್ತು ಕಾದರೂ ಮುಚ್ಚಳದ ಅಂಚಿನ ಪೌಡರ್ ಬೆಳ್ಳಗೇ ಉಳಿಯಿತು.

"ಟೀಚರಮ್ಮ," ಇಮ್ತಿಯಾಜ್ ಭಾಯಿ ಕೈ ಒರೆಸಿಕೊಳ್ಳುತ್ತ ಹೇಳಿದರು, "ರಿಂಗ್ ಅಂದ್ಬಿಟ್ಟೆ ನೋಡಿ ನಾನು. ಅಲ್ಲಾ ನಿಮ್ಮನ್ನ ಸುಮ್ನೆ ಕೂರ್ಸಿದ್ದು ಇದಕ್ಕೇ ಇರ್ಬೇಕು."

ಆದರೂ ಎರಡು ಸೋರಿಕೆ ಉಳಿದವು. ಹಿಂದಿನ ಚಕ್ರದ ಅಚ್ಚಿನ ಬಳಿ ಒಂದು. ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಕಡೆ ಇನ್ನೊಂದು. ಎರಡಕ್ಕೂ ಒಳಗಿನ ರಬ್ಬರ್ ಸೀಲ್ ಬದಲಿಸಬೇಕು, ಅದಕ್ಕೆ ಗಾಡಿಯನ್ನೇ ಎರಡು ಹೋಳು ಮಾಡಬೇಕು. "ಈಗ ಮೆಲ್ಲಗೆ ಜಿನುಗ್ತಾ ಐತೆ, ಅಷ್ಟೇ. ದಿನಾ ಎಣ್ಣೆ ನೋಡಿ, ಕಮ್ಮಿ ಆದ್ರೆ ತುಂಬ್ಸಿ. ಬಿತ್ತನೆ ಮುಗೀಲಿ, ಆಮೇಲೆ ಬಿಚ್ಚೋಣ" ಎಂದರು. ಅಕ್ಕ ಒಪ್ಪಿದಳು. ಆದರೆ ಹೊಲದ ಮಣ್ಣಿಗೆ ಎಣ್ಣೆ ಬೀಳಬಾರದೆಂದು ಕೆಳಗೊಂದು ಡಾಲ್ಡಾ ಡಬ್ಬವನ್ನು ತಂತಿಯಿಂದ ಕಟ್ಟಿದಳು. ಬೆಳಿಗ್ಗೆ ಎದ್ದು ಎಣ್ಣೆ ಅಳೆಯುವ ಕಡ್ಡಿ ಎಳೆದು ಒರೆಸಿ ನೋಡುವುದು, ಡಬ್ಬ ಖಾಲಿ ಮಾಡುವುದು ನನ್ನ ಕೆಲಸವಾಯಿತು. ಡಬ್ಬದ ಎಣ್ಣೆಯಿಂದ ಕೊಟ್ಟಿಗೆಯ ಬಾಗಿಲ ತಿರುಗಣಿಗಳೆಲ್ಲ ಸದ್ದಡಗಿದವು.

ಮಣ್ಣು ಹದಕ್ಕೆ ಬಂದ ಬೆಳಿಗ್ಗೆ ಅಕ್ಕ ಸೀರೆಯನ್ನು ಎತ್ತಿ ಕಟ್ಟಿ, ಮೇಲೆ ಭಾವನ ಅಂಗಿ ತೊಟ್ಟು, ಟ್ರ್ಯಾಕ್ಟರ್ ಹತ್ತಿದಳು. ಮದುವೆಯಾದ ಹೊಸತರಲ್ಲಿ ಭಾವನೇ ಕಲಿಸಿದ್ದರು. ಆದರೆ ಕೊಟ್ಟಿಗೆಯಿಂದ ಬೀದಿಯವರೆಗೆ ತಂದು ನಿಲ್ಲಿಸುವುದಕ್ಕಷ್ಟೇ. ಮೊದಲ ಸಾಲು ಹಾವಿನಂತೆ ಸೊಟ್ಟಗೆ ಹೋಯಿತು, ಎರಡನೆಯದು ಸ್ವಲ್ಪ ನೆಟ್ಟಗಾಯಿತು. ಬಾಲ್ಕನಿಗಳಲ್ಲಿ ಕಾಫಿ ಲೋಟ ಹಿಡಿದ ಜನ ನಿಂತು ನೋಡಿದರು. ಕೊಕ್ಕರೆಗಳು ಎಲ್ಲಿದ್ದವೋ, ಅಗೆದ ಮಣ್ಣಿನ ಹಿಂದೆ ಸಾಲಾಗಿ ಇಳಿದವು. ಕೆಂಪು ಮಣ್ಣು, ಬಿಳಿ ಹಕ್ಕಿ, ನೀಲಿ ಟ್ರ್ಯಾಕ್ಟರು; ಅದರ ಮೇಲೆ ಅಕ್ಕ ತಿರುಗಿಯೂ ನೋಡದೆ ದೂರ ದೂರ ಹೋಗುತ್ತಿದ್ದಳು. ನಾನು ಬದುವಿನ ಮೇಲೆ ಕೂತು, ಇದು ಯಾವ ಊರು, ಯಾವ ಕಾಲ ಎಂಬುದನ್ನೇ ಮರೆತಿದ್ದೆ.

ಶ್ರಾವಣದ ನಡುವೆ ಡಾಕ್ಟರು ಗಂಟಲು ನೋಡಿ, ಮೆಲ್ಲಗೆ, ಒಂದೊಂದೇ ಮಾತು ಆಡಬಹುದು, ಕೂಗುವ ಹಾಗಿಲ್ಲ ಎಂದರು. ನನ್ನ ಮೊದಲ ಮಾತಿಗಾಗಿ ಅಕ್ಕ, ಭಾವ ಇಬ್ಬರೂ ಕಾದು ಕೂತಿದ್ದರು. ಅಕ್ಕ ಕೊಟ್ಟ ಟೀ ಕುಡಿದು, "ಸಕ್ಕರೆ ಜಾಸ್ತಿ" ಎಂದೆ. ದನಿ ಯಾರೋ ಗಂಡಸಿನದಂತೆ ಒರಟಾಗಿತ್ತು. ಭಾವ ಪ್ಲಾಸ್ಟರ್ ಅಲ್ಲಾಡುವಂತೆ ನಕ್ಕರು.

ಅದಾದ ಮೇಲೆ ದೊಡ್ಡ ಮಳೆ ಬಂತು. ಬಿಡದೆ ಸುರಿದು ಕೆರೆ ಕೋಡಿ ಹರಿದು, ರಾಜಕಾಲುವೆ ಉಕ್ಕಿ, ತಗ್ಗಿನಲ್ಲಿದ್ದ ಅಪಾರ್ಟ್‌ಮೆಂಟಿನ ನೆಲಮಹಡಿ ಮುಳುಗಿತು. ನಮ್ಮ ಹೊಲ ದಿಬ್ಬದಲ್ಲಿದ್ದುದರಿಂದ ರಾಗಿ ಪೈರು ತಲೆಯೆತ್ತಿಕೊಂಡೇ ಇತ್ತು. ಬೆಳಿಗ್ಗೆ ಆ ಅಪಾರ್ಟ್‌ಮೆಂಟಿನ ವಾಚ್‌ಮನ್ ಎದೆಯವರೆಗೆ ಒದ್ದೆಯಾಗಿ ಬಂದು ನಿಂತ. "ಕರೆಂಟಿಲ್ಲ, ಲಿಫ್ಟಿಲ್ಲ. ವಯಸ್ಸಾದೋರು ಅವ್ರೆ. ದೋಣಿ ಬರ್ತದೆ ಅಂತಾರೆ, ಯಾವಾಗ್ಲೋ. ಟ್ರ್ಯಾಕ್ಟರ್ ತತ್ತೀರಾ ಅಕ್ಕಾ?"

ಅಕ್ಕ ಸೆರಗಿನ ಗಂಟು ಬಿಚ್ಚುವಷ್ಟರಲ್ಲಿ ಭಾವ ತಡೆದರು. "ರತ್ನಾ, ಓಗ್ಬೇಡ. ಹಿಂದಿನ್ ಸೀಲ್ ಓಗೈತೆ. ಎಣ್ಣೆ ಬರೋ ದಾರೀಲೇ ನೀರು ಒಳಿಕ್ಕೆ ಓಗ್ತದೆ. ಗೇರ್ ಬಾಕ್ಸ್ ಓಯ್ತು ಅಂದ್ರೆ ಗಾಡಿನೇ ಓಯ್ತು."

"ಓದ್ರೆ ಓಗ್ಲಿ ಬಿಡಿ."

"ನಮ್ಮಪ್ಪನ ಗಾಡಿ ಕಣೇ ಅದು."

"ಮಾವ ಇದ್ದಿದ್ರೆ ಇಷ್ಟೊತ್ಗೆ ನೀರಲ್ಲಿರ್ತಿದ್ರು" ಎಂದಳು ಅಕ್ಕ.

ಭಾವ ಕಣ್ಣು ಮುಚ್ಚಿಕೊಂಡರು. ತೆರೆದಾಗ ದನಿ ಬೇರೆಯಾಗಿತ್ತು. "ಅಚ್ಚಿನ ಸಂದಿಗೆಲ್ಲ ಗ್ರೀಸ್ ಮೆತ್ತು, ದಪ್ಪಕ್ಕೆ. ಫ್ಯಾನ್ ಬೆಲ್ಟ್ ತೆಗ್ದಾಕು, ಇಲ್ದಿದ್ರೆ ನೀರು ಎರಚಿ ಎಂಜಿನ್ ನಿಂತೋಯ್ತದೆ. ನಡ್‌ನೀರಲ್ಲಿ ಆಫ್ ಮಾತ್ರ ಮಾಡ್ಬೇಡ. ಬ್ರೇಕ್ ನಂಬ್ಕೋಬೇಡ."

ಅಕ್ಕ ಓಡಿಸಿದಳು. ನಾನು ವಾಚ್‌ಮನ್ ಜೊತೆ ಹಿಂದಿನ ಟ್ರೇಲರಿನಲ್ಲಿ ಕೈಯಲ್ಲೊಂದು ಸ್ಪ್ಯಾನರ್ ಹಿಡಿದು ನಿಂತೆ. ಎಂಜಿನ್ನಿನ ಸದ್ದಿನಲ್ಲಿ ನನ್ನ ದನಿ ಕೇಳುವಂತಿರಲಿಲ್ಲ, ಕೂಗುವಂತೆಯೂ ಇರಲಿಲ್ಲ. ತಗಡಿಗೆ ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೊರಡು ಎಂದು ಮಾತಾಡಿಕೊಂಡಿದ್ದೆವು. ಕಂದು ನೀರು ರಸ್ತೆಯನ್ನೂ ಚರಂಡಿಯನ್ನೂ ಒಂದೇ ಮಾಡಿತ್ತು. ಮೊದಲ ಸರದಿ ಸಲೀಸಾಯಿತು. ಎರಡನೆಯದರಲ್ಲಿ ಒಬ್ಬಾತ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದು ಟ್ರೇಲರಿನಲ್ಲಿ ಇಳಿಸಿದ. ಆಕೆ ದೊಡ್ಡ ರೇನ್‌ಕೋಟಿನೊಳಗಿಂದ ಅಕ್ಕನನ್ನೇ ದಿಟ್ಟಿಸಿ, "ಅವತ್ತು ಹೊಲ ಉಳ್ತಿದ್ದಿದ್ದು ನೀನೇ ಅಲ್ವೇನಮ್ಮ? ಮೇಲಿಂದ ನೋಡ್ತಿದ್ದೆ. ಸೀರೆ ಚಕ್ರಕ್ಕೆ ಸಿಕ್ಕೀತು ಅಂತ ನನಗೆ ಜೀವವೇ ಇರ್ಲಿಲ್ಲ" ಎಂದರು.

ವಾಪಸು ಬರುವಾಗ ತಿರುವಿನ ಬಳಿ ನೀರು ಒಂದು ಕಡೆ ಮಾತ್ರ ಬೇರೆಯಾಗಿ ತಿರುಗುತ್ತಿರುವುದನ್ನು ಕಂಡೆ. ಎಲೆ, ಕಡ್ಡಿ, ಒಂದು ಚಪ್ಪಲಿ ಅಲ್ಲಿಯವರೆಗೆ ತೇಲಿ ಬಂದು ಕಾಣೆಯಾಗುತ್ತಿದ್ದವು. ಮುಂದಿನ ಚಕ್ರ ಅತ್ತಲೇ ಹೊರಟಿತ್ತು. ಸ್ಪ್ಯಾನರಿನಿಂದ ತಗಡಿಗೆ ಇದ್ದ ಬಲವೆಲ್ಲ ಸೇರಿಸಿ ಹೊಡೆದೆ. ಅಕ್ಕ ಕ್ಲಚ್ ಒತ್ತಿದಳು. ಬ್ರೇಕ್ ಹಿಡಿಯಲಿಲ್ಲ, ನೀರಿನ ಭಾರಕ್ಕೇ ಗಾಡಿ ತೆವಳಿ ತೆವಳಿ ನಿಂತಿತು. ವಾಚ್‌ಮನ್ ಇಳಿದು ಕೋಲು ಹಾಕಿ ನೋಡಿದ. ಕಾಲುವೆಯ ಮೇಲಿನ ಚಪ್ಪಡಿ ಕೊಚ್ಚಿಹೋಗಿತ್ತು, ಕೋಲು ಪೂರ್ತಿ ಇಳಿಯಿತು. ಚಕ್ರಕ್ಕೂ ಅದಕ್ಕೂ ನಡುವೆ ಒಂದು ಕೈ ಅಗಲದ ನೆಲ. ಅಕ್ಕ ಹಿಂತಿರುಗಿ ನನ್ನನ್ನು ನೋಡಿದಳು. ರೇನ್‌ಕೋಟಿನ ಅಜ್ಜಿ ನನ್ನ ಸೀರೆಯ ನೆರಿಗೆಯನ್ನು ಗಟ್ಟಿಯಾಗಿ ಹಿಡಿದಿದ್ದರು. ಹಿಂದಕ್ಕೆ ಸರಿಸಿ, ಬೇರೆ ದಾರಿ ಹಿಡಿದು, ಸಂಜೆವರೆಗೂ ಜನರನ್ನು ದಡಕ್ಕೆ ತಂದೆವು.

ನೀರು ಇಳಿದ ಮೇಲೆ ಇಮ್ತಿಯಾಜ್ ಭಾಯಿ ಗೇರ್ ಬಾಕ್ಸಿನ ಬಿರಡೆ ಬಿಚ್ಚಿದರು. ಜೇನಿನ ಬಣ್ಣದ ಎಣ್ಣೆ ಇರಲಿಲ್ಲ, ಹಾಲು ಹೆಚ್ಚಾದ ಕಾಫಿಯಂಥದ್ದೇನೋ ಬಂತು. ಭಾವ ಅಂದು ಮೊದಲ ಸಲ ಊರುಗೋಲಿನಲ್ಲಿ ಶೆಡ್ಡಿನವರೆಗೆ ಬಂದಿದ್ದರು. ಬೆರಳಲ್ಲಿ ಮುಟ್ಟಿ ನೋಡಿ, ಮೂಸಿ, ಅಕ್ಕನ ಮುಖ ನೋಡಿದರು. ಅವಳು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದಳು.

"ಡೀಸೆಲ್ ಹಾಕಿ ತೊಳ್ಯನ, ಬೇಗ. ತುಕ್ಕಿಡಿಯೋ ಮುಂಚೆ" ಎಂದರು, ಅಷ್ಟೇ.

ಗಾಡಿಯನ್ನು ಎರಡು ಹೋಳು ಮಾಡಿದರು. ಎಂಜಿನ್ ಒಂದು ಕಡೆ, ಚಕ್ರ ಮತ್ತು ಸೀಟು ಇನ್ನೊಂದು ಕಡೆ, ನಡುವಿನಲ್ಲಿ ಕೋಳಿಗಳು ಓಡಾಡಿದವು. ಇಮ್ತಿಯಾಜ್ ಭಾಯಿ ಗೇರಿನ ಹಲ್ಲುಗಳನ್ನೆಲ್ಲ ಬೆಳಕಿಗೆ ತಿರುಗಿಸಿ ನೋಡಿ, "ಬಚ್ ಗಯಾ ಮುನಿಯಣ್ಣ, ಉಳ್ಕೊಂಡ್ತು" ಎಂದಾಗ ಭಾವ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಅದು ಮತ್ತೆ ಒಂದಾಗುವ ಹೊತ್ತಿಗೆ ನಾನು ಯಶವಂತಪುರಕ್ಕೆ ಮರಳಿ, ಸಣ್ಣ ದನಿಯಲ್ಲಿ ಪಾಠ ಮಾಡುವುದನ್ನು ಕಲಿಯುತ್ತಿದ್ದೆ.

ರಾಗಿ ಕುಯ್ಲಿಗೆ ರಜೆ ಹಾಕಿ ಹೋದೆ. ಚಳಿಯ ಬೆಳಗು, ತೆನೆಗಳ ಮೇಲೆ ಇಬ್ಬನಿ. ಭಾವನ ಕಾಲು ಕೂಡಿಕೊಂಡಿತ್ತು, ನಡೆಯುವಾಗ ಸ್ವಲ್ಪ ಎಳೆಯುತ್ತಿತ್ತು. ಅಕ್ಕ ಹಸುಗಳಿಗೆ ಹುಲ್ಲು ಹಾಕಿ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅವರು ಟ್ರ್ಯಾಕ್ಟರಿನ ಬಳಿ ಹೋಗಿ, ಹಳೆಯ ಅಭ್ಯಾಸದಂತೆ ಸ್ಟಿಯರಿಂಗ್ ಹಿಡಿದು ಸೀಟಿನ ಕಡೆ ಹತ್ತಲು ನೋಡಿದರು. ಹಾಗೇ ನಿಂತರು. ಅಕ್ಕ ಕೀ ಹಿಡಿದು ಕೆಳಗೆ ನಿಂತಿದ್ದಳು, ಕೊಡಲೂ ಇಲ್ಲ, ಕೇಳಲೂ ಇಲ್ಲ. ಭಾವ ನಿಧಾನವಾಗಿ ಸರಿದು, ಚಕ್ರದ ಮೇಲಿನ ಮಡ್‌ಗಾರ್ಡಿನ ಮೇಲೆ, ಇಷ್ಟು ವರ್ಷ ಅಕ್ಕ ಕೂರುತ್ತಿದ್ದ ಜಾಗದಲ್ಲಿ, ಕೂತರು.

"ಬಾ ಬಾ, ಬಿಸ್ಲೇರ್ತದೆ" ಎಂದರು.

ಅಕ್ಕ ಹತ್ತಿ ಸೀಟಿನಲ್ಲಿ ಕೂತು ಗೇರ್ ಹಾಕಿದಳು. ದಾರಿಯುದ್ದಕ್ಕೂ ಭಾವ "ನಿಧಾನ, ನಿಧಾನ ಕಣೇ" ಎನ್ನುತ್ತಲೇ ಇದ್ದರು. ಅವಳು ಕೇಳಿಸದವಳಂತೆ ಇಬ್ಬನಿಯೊಳಕ್ಕೆ ಓಡಿಸಿಕೊಂಡು ಹೋದಳು.